ಹದಿನೇಳನೆಯ ಮನೆ

ಆರನೇ ಇಯತ್ತೆಯ ನೆಲದ ಮೇಲೆ
ಸೀಮೆಸುಣ್ಣದಲ್ಲಿ ಹಿನ್ನೀರು ಬರೆದೆ.
ಐದಾರಲೆ ಮೂವತ್ತು ಮನೆ. ಅಂಚಿನವು ದಂಡೆ,
ಒಳಗಿನವು ನಡುನೀರು.
ನಾನು ಇಂಡಿ ಕಡೆಯವ, ನಿಂಬೆಯ ಸೀಮೆಯವ,
ಮೀನಿನ ಮುಳ್ಳು ಬಿಡಿಸುವುದನ್ನು
ಈ ಘಟಪ್ರಭೆಯ ದಂಡೆಗೆ ಬದಲಿಯಾಗಿ ಬಂದ ಮೇಲೆ ಕಲಿತವ.
ಆದರೂ ಆರು ನಿಯಮ ಬರೆದು ಗೋಡೆಗೆ ಅಂಟಿಸಿದ್ದೆ:

ತಂಡಕ್ಕೆ ನೂರು ಹುಣಸೆಬೀಜ ಬಂಡವಾಳ.
ತೆಪ್ಪಕ್ಕೆ ನಲವತ್ತು.
ಬಲೆ ಒಂದಕ್ಕೆ ಹದಿನೈದು.
ದಂಡೆಗೆ ಒಗೆದರೆ ಬಲೆಗೆ ಆರು, ನಡುನೀರಿಗೆ ಹದಿನಾಲ್ಕು.
ದಾಳ ಐದೋ ಆರೋ ಬಿದ್ದರೆ ಗಾಳಿ, ನಡುನೀರಿನ ಬಲೆ ಹೋಯಿತು.
ಬೀಜ ಹೆಚ್ಚಿದ್ದವರು ಗೆದ್ದರು.

ಮೌಲಾಲಿ ಯೋಚಿಸಲೇ ಇಲ್ಲ.
ತೆಪ್ಪ ಒಂದು, ಬಲೆ ನಾಲ್ಕು, ಕೈಯಲ್ಲಿ ಸೊನ್ನೆ.
ದಾಳ ಮೂರು. ಹದಿನಾಲ್ಕು ನಾಲ್ಕಲೆ ಐವತ್ತಾರು!
ಕೂಗಿಗೆ ಪಕ್ಕದ ಐದನೇ ಇಯತ್ತೆ ಕಿಟಕಿಗೆ ಬಂತು.
ಮರುದಿನ, ಅಂದರೆ ಎರಡು ನಿಮಿಷದ ಮೇಲೆ,
ಆರು. ನಾಲ್ಕೂ ಬಲೆ ನೀರುಪಾಲು.
ದಾಳವನ್ನು ಬೈದ, ದಾಳ ಎಸೆದವಳನ್ನು ಬೈದ,
ಬೈಯುತ್ತಲೇ ಮತ್ತೆ ಮೂರು ಬಲೆ ಕೊಂಡ.

ಮೂಲೆಯ ತಂಡದಲ್ಲಿ ಹುಲಿಗೆವ್ವ ಅಂಬಿಗೇರ.
ಎರಡೇ ಬಲೆ, ದಂಡೆ ಬಿಟ್ಟು ಕದಲಳು.
ಎರಡನೆಯ ದಿನ ಬಲೆಯನ್ನೇ ಮಡಚಿ ಕೂತಳು.
'ಇವತ್ತ ಒಗಿಯೂದಿಲ್ರಿ.'
ದಾಳ ಎರಡು ಬಿದ್ದಿದೆ, ಗಾಳಿ ಇಲ್ಲವಲ್ಲ ಎಂದೆ.
'ದಾಳ ಹೇಳೂದು ಗಾಳಿದಷ್ಟರಿ, ನೀರಿಂದಲ್ಲ.
ಹೊಸನೀರ ಬಂದಾವ. ಮೀನಿನ ಹೊಟ್ಟಿ ತುಂಬ ತತ್ತಿ.'

ನನ್ನ ಕೋಷ್ಟಕಕ್ಕೆ ಎರಡೇ ಕಂಬ: ಬಂದದ್ದು, ಹೋದದ್ದು.
ಅವಳು ಸ್ಕೇಲಿಲ್ಲದೆ ಇನ್ನೊಂದು ಗೆರೆ ಎಳೆದಿದ್ದಳು, ಸೊಟ್ಟಗೆ.
ಐಸಿಗೆ ಮೂರು.
ಬಾಗಲಕೋಟೆ ಪ್ಯಾಟಿ ತನಕ ಟಂಟಂಗೆ ನಾಕು.
ಬಲಿ ಹೊಲಿಯೂ ಆಯಿಗೆ ಒಂದು ಮೀನ,
ಅದರ ಮುಂದೆ ಅಂಕಿಯೇ ಇಲ್ಲ.
ಯಾಕೆಂದು ಬೆರಳಿಟ್ಟೆ. 'ಅದಕ್ಕ ರೇಟ್ ಇಲ್ರಿ.'

ನಾಲ್ಕನೆಯ ದಿನ ಗೆಳತಿಯರಿಗೆ ತಾಳ್ಮೆ ತಪ್ಪಿತು.
ಹದಿನೇಳನೆಯ ಮನೆ ಖಾಲಿ, ಯಾರೂ ಒಗೆದಿಲ್ಲ,
ಸೋಡಾ ಬಿರಡೆಯ ತೆಪ್ಪವನ್ನು ಅತ್ತ ತಳ್ಳಿದರು.
ಹುಲಿಗೆವ್ವ ಗಪ್ಪನೆ ಕೈ ಹಿಡಿದಳು.
'ಅದು ಬ್ಯಾಡ. ಅದು ಗಿರಣಿ.'

ಏನು ಗಿರಣಿ?

'ಹಳೇ ಊರಿನ ಹಿಟ್ಟಿನ ಗಿರಣಿರಿ. ಊರು ಬಿಡುವಾಗ
ಕಬ್ಬಿಣದ ಚೌಕಟ್ಟ ಹಂಗ ಬಿಟ್ಟ ಬಂದಾರ.
ಅಪ್ಪನ ಎರಡ ಬಲಿ ಅಲ್ಲೇ ಹರದಾವ.
ಆಯಿ ಅಂತಾಳ, ಗಿರಣಿ ಇನ್ನೂ ನಿಂತಿಲ್ಲ,
ಜ್ವಾಳ ಸಿಗವಲ್ದು, ಅದಕ್ಕ ಬಲಿ ಬೀಸಾಕತ್ತೈತಿ.'

ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ನಕ್ಕರು.
ನಾನು ಸುಮ್ಮನೆ ರೂಢಿಗೆ 'ಮನೆ' ಎಂದಿದ್ದೆ, ಚೌಕಕ್ಕೆ.
ಈಗ ನೆಲದ ತುಂಬ ಬಾಗಿದ ತಲೆಗಳು:
ಇಪ್ಪತ್ಮೂರು ನಮ್ಮ ಮುತ್ಯಾಂದು,
ಅಲ್ಲ, ಅದು ಕುಂಬಾರ ಓಣಿ, ನಿಮ್ಮದು ಆಚಿಗೆ,
ಮೂಡಣ ಯಾವ ಕಡೆ ಐತಿ ಮದಲ ಹೇಳಲೇ!
ಆ ಊರನ್ನು ಕಂಡವರು ಅವರಲ್ಲಿ ಒಬ್ಬರೂ ಇಲ್ಲ.

ಗಂಟೆ ಹೊಡೆಯಿತು.
ತೊಂಬತ್ತೈದು ಬೀಜಕ್ಕೆ ಮೌಲಾಲಿ ಗೆದ್ದ.
ಎಣಿಸಿ ಡಬ್ಬಿಗೆ ಹಾಕುವಾಗ ತೊಂಬತ್ತೆರಡು,
ಮೂರು ಅವನ ದವಡೆಯಲ್ಲಿ ಕಟಂ ಎಂದವು.
ಹುರಿದ ಬೀಜವೆಂದು ನನಗೆ ಯಾರೂ ಹೇಳಿರಲಿಲ್ಲ.
ಹುಲಿಗೆವ್ವನದು ನಲವತ್ತೈದು, ಎಲ್ಲರಿಗಿಂತ ಕಡಿಮೆ.
ಎರಡು ಸಲ ಕೂಡಿಸಿ ನೋಡಿ, ಲೆಕ್ಕ ಬರೋಬರಿ ಐತ್ರಿ ಎಂದು
ಪಾಟಿಚೀಲ ಹೆಗಲಿಗೇರಿಸಿದಳು.

ಸಂಜೆ ಲಾಲಬಿ ನೆಲ ಒರೆಸಲು ಬಂದಳು.
ಬಕೀಟು ಬಗ್ಗಿಸಿದಳು. ಮೊದಲು ಅಂಕಿ ಹೋದವು,
ಗೆರೆಗಳು ತುಸು ತಡೆದು ಹೋದವು.
ನಡುವೆ ಒಂದು ಕಡೆ ಫರಸಿ ಅಂಚು ಎದ್ದಿತ್ತು,
ಎಳೆದ ಬಟ್ಟೆ ಅಲ್ಲಿ ಸಿಕ್ಕಿ ನಿಂತಿತು.
ಬಗ್ಗಿ ಬಿಡಿಸಿ, ಬೆಳಕಿಗೆ ಹಿಡಿದು,
'ಹರದ್ತ ನೋಡ್ರಿ ಸರ' ಎಂದಳು.